ಪ್ರೈಸಮ್ಮನ ಕಣ್ಣು, ನಮ್ಮೂರ ಮೆಣಸಿನಕಾಯಿ

ನಜರ್‌ಬಾದಿನಿಂದ ಹಡಗಿಗೆ

ವಿಲಾಯತಿಗೆ ಹೋದವರು ಬರುವಾಗ ಗಡಿಯಾರ ತರುತ್ತಾರೆ, ಉಣ್ಣೆ ಕೋಟು ತರುತ್ತಾರೆ, ಒಬ್ಬಿಬ್ಬರು ಹೆಂಡತಿಯನ್ನೂ ತಂದಿದ್ದಾರೆ. ನಾನು ತಂದದ್ದು ಖಾಲಿ ಟ್ರಂಕು ಮತ್ತು ಈ ಕಥೆ. ಟ್ರಂಕನ್ನು ಅಟ್ಟಕ್ಕೆ ಹಾಕಿದ್ದಾಯಿತು. ಕಥೆ ಮಾತ್ರ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಮೈಸೂರಿನ ನಜರ್‌ಬಾದಿನ ನಮ್ಮ ಬೀದಿಯಲ್ಲಿ ಹಾಲಿನವನಿಗೂ ಹೇಳಿ ಮುಗಿಸಿದ್ದೇನೆ, ಈಗ ನಿಮ್ಮ ಸರದಿ.

ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುವ ಜಯಮ್ಮ. ಅಲ್ಲಿಯ ಶಾಲೆಗಳಲ್ಲಿ ಪಾಠ ಹೇಗೆ ಮಾಡುತ್ತಾರೆ ಎಂದು ನೋಡಿಕೊಂಡು ಬರಲು ಒಂದು ಚಳಿಗಾಲದ ಮಟ್ಟಿಗೆ ನನ್ನನ್ನು ವೇಲ್ಸ್ ದೇಶಕ್ಕೆ ಕಳಿಸಿದರು. ಭೂಪಟದಲ್ಲಿ ಇಂಗ್ಲೆಂಡಿನ ಪಕ್ಕಕ್ಕೆ ಅಂಟಿಕೊಂಡಿರುವ ದೇಶ. ಅದನ್ನು ಇಂಗ್ಲೆಂಡ್ ಎಂದು ಕರೆದರೆ ಅಲ್ಲಿಯವರು ಮುಖ ತಿರುಗಿಸಿಬಿಡುತ್ತಾರೆ. ಒಮ್ಮೆ ಕರೆದು ಕಲಿತೆ.

ಹೊರಡುವ ದಿನ ಅತ್ತಿಗೆ ಟ್ರಂಕಿನ ತಳಕ್ಕೆ ಒಣಮೆಣಸಿನಕಾಯಿ ತುರುಕಿದರು. "ಅಲ್ಲಿ ಉಪ್ಪು ಉಳಿ ಖಾರ ಒಂದೂ ಇಲ್ವಂತೆ ಕಣಮ್ಮ. ಬರೀ ಬೇಯ್ಸಿ ತಿಂತಾರಂತೆ. ಮಡಿಕ್ಕೋ" ಎಂದರು. ನಮ್ಮವ್ವ ಇದ್ದಿದ್ದರೆ ಅದೇ ಮೆಣಸಿನಕಾಯಿಯಲ್ಲಿ ಒಂದು ಹಿಡಿ ತೆಗೆದು, ಉಪ್ಪು ಸೇರಿಸಿ, ನನಗೆ ನಿವಾಳಿಸಿ ಒಲೆಗೆ ಹಾಕದೆ ಹೊಸಿಲು ದಾಟಿಸುತ್ತಿರಲಿಲ್ಲ. ನಮ್ಮಣ್ಣ ಒಂದು ಕಾಲಕ್ಕೆ ಪೈಲ್ವಾನ. ದಸರಾ ಕುಸ್ತಿಗೆ ಹೊರಡುವ ಬೆಳಿಗ್ಗೆ ಅವ್ವ ದೃಷ್ಟಿ ತೆಗೆದರೆ ಬೀದಿಯೆಲ್ಲ ಸೀನುತ್ತಿತ್ತು. ಅವ್ವ ಹೋದ ಮೇಲೆ ಮನೆಯಲ್ಲಿ ದೃಷ್ಟಿ ತೆಗೆಯುವವರಿಲ್ಲ. ಅತ್ತಿಗೆಗೆ ಅದೆಲ್ಲ ಮನೆಗೆ ಮಸಿ, ಕಣ್ಣಿಗೆ ಉರಿ. ಜಟಕಾ ಹತ್ತುವಾಗ ಏನೋ ಮರೆತ ಹಾಗಿತ್ತು. ಕೊಡೆ ಇರಬೇಕು ಅಂದುಕೊಂಡೆ. ಕೊಡೆ ಕೈಯಲ್ಲೇ ಇತ್ತು.

ಕಣಿವೆಯ ಊರು

ನಾನು ಇಳಿದುಕೊಂಡ ಊರಿನ ಹೆಸರನ್ನು ಕೊನೆಯವರೆಗೂ ಸರಿಯಾಗಿ ಹೇಳಲಾಗಲಿಲ್ಲ. ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡವರು ಮಾತ್ರ ಹೇಳಬಹುದಾದ ಹೆಸರು. ಎರಡು ಗುಡ್ಡದ ನಡುವೆ ಕಲ್ಲಿದ್ದಲಿನ ಊರು. ಮನೆಗಳೆಲ್ಲ ಗೋಡೆಗೆ ಗೋಡೆ ಅಂಟಿಸಿಕೊಂಡು ಸಾಲಾಗಿ ನಿಂತಿವೆ. ಒಬ್ಬರ ಮನೆಯಲ್ಲಿ ಸೀನಿದರೆ ಪಕ್ಕದ ಮನೆಯವರು ಹರಸುತ್ತಾರೆ. ವಠಾರದಲ್ಲಿ ಹುಟ್ಟಿದ ನನಗೆ ಹೊಸದೇನೂ ಅನಿಸಲಿಲ್ಲ.

ನನಗೆ ಕೋಣೆ ಕೊಟ್ಟವರು ಮಿಸೆಸ್ ಪ್ರೈಸ್ ಎಂಬ ಹಿರಿಯರು. ಗಂಡ ತೀರಿಕೊಂಡಿದ್ದರು. ಗುಂಡಗೆ, ಬೆಳ್ಳಗೆ, ಸೊಂಟಕ್ಕೆ ಏಪ್ರನ್ ಕಟ್ಟಿಕೊಂಡು ದಿನವಿಡೀ ಏನಾದರೊಂದನ್ನು ಉಜ್ಜುತ್ತಿರುವ ಜೀವ. ಎರಡನೆಯ ದಿನಕ್ಕೇ ನನ್ನ ಬಾಯಲ್ಲಿ ಪ್ರೈಸಮ್ಮ ಆದರು. ಅವರಾಡಿದ್ದು ಇಂಗ್ಲಿಷು. ಆದರೆ ನನ್ನ ಕಿವಿಗೆ ಅದು ನಮ್ಮ ಬೀದಿಯ ಮಾತಾಗಿಯೇ ಬೀಳುತ್ತಿತ್ತು, ಹಾಗೇ ಬರೆಯುತ್ತೇನೆ.

ಮೊದಲ ಸಂಜೆ ಅಡುಗೆಮನೆಯಲ್ಲಿ ಟೀ ಕುಡಿಯುತ್ತಿದ್ದೆ. ಬಾಗಿಲು ತುಂಬ ಒಬ್ಬ ಮನುಷ್ಯ ಬಂದ. ಕತ್ತು ಎಂಬುದೇ ಇಲ್ಲ, ಹೆಗಲ ಮೇಲೆ ನೇರ ತಲೆ. ಎರಡು ಕಿವಿಯೂ ಮುದುಡಿ ಗಂಟಾಗಿದ್ದವು. ನಮ್ಮಣ್ಣನ ಕಿವಿ ನೋಡಿ ಬೆಳೆದವಳು ನಾನು.

"ನಿಮ್ಮ ಮಗ ಪೈಲ್ವಾನನೇನ್ರೀ?" ಎಂದು ಕೇಳಿದೆ.

"ಪೈಲ್ವಾನ ಎಲ್ಲಿ ಬಂತಮ್ಮ, ರೊಟ್ಟಿ ಮಾರೋನು" ಎಂದರು ಪ್ರೈಸಮ್ಮ.

ಆ ಮಗ, ಎಮ್ಲಿನ್, ಬೇಕರಿಯ ವ್ಯಾನಿನಲ್ಲಿ ಮನೆಮನೆಗೆ ಬ್ರೆಡ್ಡು ಹಾಕುವವನು, ನಿಜ. ಆದರೆ ಶನಿವಾರ ಬಂತೆಂದರೆ ವೇಲ್ಸ್ ದೇಶದ ರಗ್ಬಿ ಆಟಗಾರ. ಕೆಂಪು ಅಂಗಿ ತೊಟ್ಟು ಹತ್ತಿರ ಹತ್ತಿರ ಹತ್ತು ವರ್ಷ ಆಡಿದ್ದ. ಆ ಆಟದಲ್ಲಿ ಆಡಿದವರು ಕಾಸು ಮುಟ್ಟುವಂತಿಲ್ಲ. ದೇಶ ಕೊಡುವುದು ಕುಚ್ಚು ಇಳಿಬಿಟ್ಟ ಒಂದು ಮಖಮಲ್ಲಿನ ಟೋಪಿ. ನಮ್ಮಲ್ಲಿ ಪೇಟ ತೊಡಿಸಿ ಕಳಿಸುತ್ತಾರಲ್ಲ, ಹಾಗೆ. ಶನಿವಾರ ದೇಶವೆಲ್ಲ ಹೊತ್ತು ಮೆರೆಸುತ್ತದೆ, ಸೋಮವಾರ ಬೆಳಿಗ್ಗೆ "ಮೊನ್ನೆಯ ಬ್ರೆಡ್ಡು ಗಟ್ಟಿಯಿತ್ತು ಕಣೋ" ಎಂದು ಅದೇ ದೇಶ ಬೈಯುತ್ತದೆ.

ಆಟದ ಬಗ್ಗೆ ನನಗೆ ತಿಳಿದದ್ದಿಷ್ಟು. ಒಂದೊಂದು ಕಡೆಗೆ ಹದಿನೈದು ಜನ. ಚೆಂಡು ದುಂಡಗಿಲ್ಲ, ಮೊಟ್ಟೆಯಾಕಾರ. ಅದನ್ನು ಎದುರಾಳಿಯ ಗೆರೆಯಾಚೆ ಒಯ್ದು ನೆಲಕ್ಕೆ ಒತ್ತಬೇಕು. ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಹಿಂದಿನವನಿಗೇ ಕೊಡಬೇಕು. ಹಿಂದಕ್ಕೆ ಕೊಟ್ಟುಕೊಂಡೇ ಮುಂದೆ ಹೋಗುವುದನ್ನು ನಮ್ಮ ಕಛೇರಿಗಳ ಫೈಲಿನಲ್ಲಿ ಬಿಟ್ಟರೆ ನಾನು ಇಲ್ಲಿ ಮಾತ್ರ ಕಂಡೆ. ಆಗಾಗ ಎರಡೂ ಕಡೆಯ ದಾಂಡಿಗರು ತಲೆ ತಗ್ಗಿಸಿ, ಹೆಗಲಿಗೆ ಹೆಗಲು ಕೊಟ್ಟು ನೂಕಾಡುತ್ತಾರೆ. ಎಮ್ಲಿನ್ ಆ ನೂಕಾಟದ ಮೊದಲ ಸಾಲಿನ ಆಳು.

ಊರೂರು ತಿರುಗಿದವನು ಸಿಕ್ಕಿದನೆಂದು ಭೂಗೋಳದ ಟೀಚರಿಗೆ ಖುಷಿಯೋ ಖುಷಿ. "ಪ್ಯಾರಿಸ್ ಹೇಗಿತ್ತಪ್ಪ?" ಎಂದು ಕೇಳಿದೆ.

ಸ್ವಲ್ಪ ಯೋಚಿಸಿ, "ನೆಲ ಗಟ್ಟಿ" ಎಂದ.

"ಎಡಿನ್‌ಬರೋ?"

"ಕೆಸರು ತಣ್ಣಗಿರುತ್ತೆ ಟೀಚರ್. ಡಬ್ಲಿನ್ ಪರವಾಗಿಲ್ಲ, ಹುಲ್ಲು ಮೆತ್ತಗೆ."

ಪಾಪ, ಹತ್ತು ವರ್ಷ ದೇಶ ಸುತ್ತಿ ಬರೀ ಮಣ್ಣು ನೋಡಿಕೊಂಡು ಬಂದಿದ್ದ.

ಗೋಡೆಗೆ ಮುಖ ಮಾಡಿದ ಪಟಗಳು

ಆ ಮನೆಯಲ್ಲಿ ಒಂದು ವಿಚಿತ್ರವಿತ್ತು. ಹಜಾರದ ಗೋಡೆಯ ಮೇಲೆ ಎಮ್ಲಿನ್‌ನ ಆಟದ ಪಟಗಳು ಸಾಲಾಗಿದ್ದವು. ಅವನು ಊರಿನ ತಂಡಕ್ಕೆ ಆಡಲು ಹೋದ ಮೊದಲ ಶನಿವಾರ ನೋಡುತ್ತೇನೆ, ಎಲ್ಲವೂ ಗೋಡೆಗೆ ಮುಖ ಮಾಡಿವೆ. ಧೂಳು ಒರೆಸುವಾಗ ತಿರುಗಿರಬೇಕೆಂದು ನಾನು ಮಹಾ ಉಪಕಾರಿಯಂತೆ ಎಲ್ಲವನ್ನೂ ಸರಿಮಾಡಿ ನೇತುಹಾಕಿದೆ. ಪ್ರೈಸಮ್ಮ ಬಂದವರೇ "ಅಯ್ಯಯ್ಯೋ!" ಎಂದು ಏಪ್ರನ್ನಿನಿಂದ ಮುಖ ಮುಚ್ಚಿಕೊಂಡು, ತಡಕಾಡಿ ಒಂದೊಂದನ್ನೇ ಮತ್ತೆ ತಿರುಗಿಸಿದರು. ಬೆಳಿಗ್ಗೆ ಮಗ ವ್ಯಾನು ಹೊರಡಿಸುವಾಗಲೂ ಅಷ್ಟೇ. ಕೈಬೀಸಿ, ವ್ಯಾನು ಬೀದಿ ತಿರುಗುವ ಮುಂಚೆ ದಡಬಡ ಒಳಗೆ ಬಂದುಬಿಡುತ್ತಿದ್ದರು.

ಕಾರಣ ಹೇಳಿದವನು ಎಮ್ಲಿನ್. ಮಳೆಯಿದ್ದ ದಿನ ನನ್ನನ್ನು ವ್ಯಾನಿನಲ್ಲಿ ಶಾಲೆಗೆ ಬಿಡುತ್ತಿದ್ದ. ಹಿಂದಿನಿಂದ ಬಿಸಿ ಬ್ರೆಡ್ಡಿನ ವಾಸನೆ, ಮುಂದೆ ಮಂಜು.

"ನಾನು ಹುಡುಗನಾಗಿ ಮೊದಲ ಸಲ ಆಡಿದಾಗ ಅವ್ವ ನೋಡೋಕೆ ಬಂದಿದ್ದಳು ಟೀಚರ್. ಅವತ್ತೇ ಹೆಗಲ ಮೂಳೆ ಮುರೀತು. ಇನ್ನೊಂದು ಸಲ ಬೇಲಿ ಸಂದಿಯಿಂದ ಇಣುಕಿದಳು, ಮೂಗು ಹೋಯ್ತು. ಅಲ್ಲಿಗೆ ಮುಗೀತು. ತನ್ನ ಕಣ್ಣೇ ಕೆಟ್ಟದ್ದು ಅಂತ ತೀರ್ಮಾನ ಮಾಡ್ಬುಟ್ಟಳು. ದೇಶಕ್ಕೆ ಇಷ್ಟು ಸಲ ಆಡಿದೀನಿ, ಅವ್ವ ಒಂದು ಸಲಾನೂ ನೋಡಿಲ್ಲ."

ಹಿಂದಿನ ವರ್ಷ ಭುಜ ಕಳಚಿ ಅವನನ್ನು ತಂಡದಿಂದ ಬಿಟ್ಟಿದ್ದರು. ಆಟ ಮುಗಿಯಿತೆಂದೇ ಊರು ಮಾತಾಡಿಕೊಂಡಿತ್ತು. ಈಗ ಅವನ ಜಾಗದ ಹುಡುಗನಿಗೆ ಮಂಡಿ ಉಳುಕಿ, ಐರ್ಲೆಂಡಿನ ಎದುರು ಕಾರ್ಡಿಫ್‌ನಲ್ಲಿ ಆಡಲು ಎಮ್ಲಿನ್‌ನನ್ನು ಕರೆದರೆಂದು ಹಿಂದಿನ ಸಂಜೆ ರೇಡಿಯೋದಲ್ಲಿ ಬಂದಿತ್ತು. ಊರಿನವರು ಬಂದು ಅವನ ಬೆನ್ನು ತಟ್ಟಿ ತಟ್ಟಿ, ಐರಿಶರು ಮಾಡಬೇಕಾದ ಕೆಲಸದಲ್ಲಿ ಅರ್ಧ ಮುಗಿಸಿದ್ದರು.

"ಇದೇ ಕೊನೇದು. ಭುಜ ಇನ್ನು ತಡೆಯಲ್ಲ" ಎಂದ. ಆಮೇಲೆ ಸ್ಟಿಯರಿಂಗ್ ನೋಡುತ್ತಾ, "ಅವ್ವ ಒಂದು ಸಲ ನೋಡಬೇಕಿತ್ತು" ಎಂದ. ಅಷ್ಟು ದೊಡ್ಡ ದೇಹದಿಂದ ಅಷ್ಟು ಸಣ್ಣ ದನಿ.

ಅಡುಗೆಮನೆಯ ಒಲೆ

ಕೆಟ್ಟ ಕಣ್ಣು ಬಿದ್ದಿದೆಯೆಂದರೆ ಏನು ಮಾಡಬೇಕು? ನಜರ್‌ಬಾದಿನ ಯಾವ ಮಗುವನ್ನಾದರೂ ಕೇಳಿ. ನನ್ನ ಟ್ರಂಕಿನ ತಳದಲ್ಲಿ ಔಷಧವಿತ್ತು. ಭೂಗೋಳದ ಜೊತೆಗೆ ಸಾಮಾನ್ಯ ವಿಜ್ಞಾನವನ್ನೂ ಪಾಠ ಮಾಡುವವಳು, ಮೂಢನಂಬಿಕೆಯ ಮೇಲೆ ಮಕ್ಕಳಿಂದ ಪ್ರಬಂಧ ಬರೆಸಿದವಳು, ಆ ಗುರುವಾರ ಸಂಜೆ ಪ್ರೈಸಮ್ಮನ ಅಡುಗೆಮನೆಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತೆ.

"ಹೆತ್ತ ತಾಯಿ ಕಣ್ಣೂ ಬೀಳುತ್ತೆ ಕಣ್ರೀ, ನಮ್ಮಲ್ಲೂ ಹೇಳ್ತಾರೆ. ಆದರೆ ಬಿದ್ದಿದೆಯೋ ಇಲ್ವೋ ಅಂತ ಪರೀಕ್ಷೆ ಮಾಡಬಹುದು. ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕ್ತೀನಿ. ಘಾಟು ಬರದಿದ್ದರೆ ದೃಷ್ಟಿ ಇತ್ತು, ಮೆಣಸಿನಕಾಯಿ ಅದನ್ನು ತಿಂದಿತು ಅಂತ ಅರ್ಥ. ಘಾಟು ಬಂದರೆ ದೃಷ್ಟಿಯೇ ಇರಲಿಲ್ಲ."

ನಮ್ಮವ್ವನ ಶಾಸ್ತ್ರದಲ್ಲಿ ಸೋಲು ಎಂಬುದಿಲ್ಲ, ನೋಡಿ. ಬಂದರೂ ಒಳ್ಳೆಯದು, ಬರದಿದ್ದರೂ ಒಳ್ಳೆಯದು.

ಎಮ್ಲಿನ್‌ನನ್ನು ಪೂರ್ವಕ್ಕೆ ಮುಖಮಾಡಿ ಸ್ಟೂಲಿನ ಮೇಲೆ ಕೂರಿಸಿದೆ. ಸ್ಟೂಲು ನರಳಿತು. ಕಣ್ಣು ಯಾರದೋ ಅವರ ಕಾಲಧೂಳು ಬೇಕು. ಪ್ರೈಸಮ್ಮನ ಮನೆಯಲ್ಲಿ ಧೂಳು ಎಲ್ಲಿಂದ ತರುವುದು? ಕೊನೆಗೆ ಅವರ ಪಾದರಕ್ಷೆಯನ್ನು ಹಿತ್ತಲ ಇದ್ದಿಲು ರಾಶಿಗೆ ಉಜ್ಜಿ ತಂದೆ. ಮೆಣಸಿನಕಾಯಿ, ಉಪ್ಪು, ಇದ್ದಿಲ ಪುಡಿ ಮುಷ್ಟಿಯಲ್ಲಿ ಹಿಡಿದು ತಲೆಯಿಂದ ಕಾಲಿನವರೆಗೆ ಇಳಿತೆಗೆದೆ. "ನಾಯಿ ಕಣ್ಣು, ನರಿ ಕಣ್ಣು, ಹೋಗೋರ ಕಣ್ಣು, ಬರೋರ ಕಣ್ಣು, ಹೆತ್ತೋಳ ಕಣ್ಣು..." ಅವ್ವನ ದನಿಯೇ ನನ್ನ ಗಂಟಲಿನಲ್ಲಿ ಬಂತು. "ಉಗಿಯೋ ಇದಕ್ಕೆ" ಎಂದೆ. ದೇಶದ ಆಟಗಾರ ಹೇಳಿದಂತೆ ಕೇಳಿ ಥೂ ಥೂ ಥೂ ಎಂದ. ಒಲೆಯ ಬಾಗಿಲು ತೆರೆದು ಎಲ್ಲವನ್ನೂ ಎಸೆದೆ.

ನಮ್ಮ ಮನೆಯಲ್ಲಿ ಹೆಂಚಿನ ಸಂದಿಯಿಂದ, ಕಿಟಕಿಯಿಂದ ಹೊಗೆ ಹೋಗುತ್ತದೆ. ಅಲ್ಲಿ ಚಳಿಗೆಂದು ಕಿಟಕಿಯನ್ನೆಲ್ಲ ಬಿಗಿಯಾಗಿ ಮುಚ್ಚಿರುತ್ತಾರೆ ಎಂಬುದು ನನಗೆ ಹೊಳೆಯಲಿಲ್ಲ. ಗಾಬರಿಯಲ್ಲಿ ಒಲೆಯ ಬಾಗಿಲು ಮುಚ್ಚುವುದನ್ನೂ ಮರೆತೆ. ಘಾಟು ಅಂದರೆ ಎಂಥ ಘಾಟು! ಪ್ರೈಸಮ್ಮ "ದೇವ್ರೇ" ಎನ್ನಲು ಬಾಯಿ ತೆರೆದವರು ಅರ್ಧಕ್ಕೇ ಕೆಮ್ಮಿದರು. ಎಮ್ಲಿನ್ ಎರಡು ಕೈಯಲ್ಲಿ ನಮ್ಮಿಬ್ಬರನ್ನೂ ಎತ್ತಿಕೊಂಡು ಬೀದಿಗೆ ಓಡಿದ. ಎಡಮನೆಯವರು ಕೆಮ್ಮುತ್ತಾ ಬಂದರು, ಬಲಮನೆಯವರು ಕೆಮ್ಮುತ್ತಾ ಬಂದರು. ಸುರಿಯುವ ಸೋನೆಯಲ್ಲಿ ಬೀದಿಗೆ ಬೀದಿಯೇ ಕಣ್ಣೊರೆಸಿಕೊಳ್ಳುತ್ತಾ ನಿಂತಿತ್ತು. "ಏನಾಯ್ತು, ಏನಾಯ್ತು?" ಎಂದು ಎಲ್ಲರೂ ಕೇಳುವವರೇ. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

ಪ್ರೈಸಮ್ಮ ಕೆಮ್ಮಿನ ನಡುವೆ ನನ್ನ ತೋಳು ಹಿಡಿದುಕೊಂಡರು. "ಘಾಟು ಬಂತಲ್ವಾ?"

"ಬಂದಿದೆ ಕಣ್ರೀ. ಬೀದಿಯೆಲ್ಲ ಸಾಕ್ಷಿ."

"ಅಂಗಾದ್ರೆ ನನ್ ಕಣ್ಣು ಬಿದ್ದಿಲ್ಲ?"

"ಬಿದ್ದಿಲ್ಲ. ಯಾವತ್ತೂ ಬಿದ್ದಿರಲಿಲ್ಲ."

ಅವರ ಮುಖದ ಮೇಲೆ ನೀರು ಇಳಿಯುತ್ತಿತ್ತು. ಮೆಣಸಿನಕಾಯಿಯದೋ, ಮಳೆಯದೋ, ಇನ್ನೊಂದೋ, ನಾನು ಕೇಳಲಿಲ್ಲ. "ಶನಿವಾರ ಯಾವ ಸೀರೆ ಉಡ್ತೀಯಮ್ಮ? ದಪ್ಪನೇದು ಉಡು, ಅಲ್ಲಿ ಚಳಿ" ಎಂದರು.

ಶನಿವಾರ, ಕಾರ್ಡಿಫ್

ಬನ್ನಿಮಂಟಪದ ಪಂಜಿನ ಕವಾಯತಿಗೆ ಸೇರುವ ಜನಜಾತ್ರೆ ನೋಡಿದವಳು ನಾನು. ಜನಕ್ಕೆ ಬೆರಗಾಗಲಿಲ್ಲ. ಬೆರಗಾದದ್ದು ಅವರ ಹಾಡಿಗೆ. ನಾವು ಕಡಲೆಕಾಯಿ ಬಿಡಿಸಿಕೊಂಡು ಸುಮ್ಮನೆ ನೋಡುವ ಜನ. ಅವರು ಆಟ ಶುರುವಾಗುವ ಮುಂಚೆ ದೇವರ ಹಾಡು ಹಿಡಿದರು. ಗಣಿಯ ಗಂಡಸರು, ಕಾರ್ಖಾನೆಯ ಗಂಡಸರು, ಎಲ್ಲರೂ ಒಂದೇ ಶ್ರುತಿ. ಅರ್ಥ ಗೊತ್ತಿಲ್ಲದ ಭಾಷೆ, ಆದರೂ ಮೈ ಜುಮ್ಮೆಂದಿತು. ಪಕ್ಕದಲ್ಲಿದ್ದ, ಪ್ರೈಸಮ್ಮನ ಬೀದಿಯವರೇ ಆದ ಮೀಸೆಯ ತಾತ ಈರುಳ್ಳಿ ಜಾತಿಯ ಉದ್ದನೆಯ ಸೊಪ್ಪೊಂದನ್ನು ನನ್ನ ಕೋಟಿಗೆ ಸಿಕ್ಕಿಸಿದರು. ಅದು ಅವರ ದೇಶದ ಗುರುತಂತೆ. ಅಷ್ಟು ಎಳೆಯ ಸೊಪ್ಪು ಸಾರಿಗೆ ಹಾಕುವುದು ಬಿಟ್ಟು ಕೋಟಿಗೆ ಹಾಕುತ್ತಾರಲ್ಲ ಎಂದು ಹೊಟ್ಟೆ ಉರಿಯಿತು.

ಆಟ ಶುರುವಾಯಿತು. ಕೆಂಪು ಯಾವುದು, ಐರಿಶರ ಹಸಿರು ಯಾವುದು ಎಂದು ನಾನು ತಿಳಿದುಕೊಳ್ಳುವಷ್ಟರಲ್ಲಿ ಎಲ್ಲರೂ ಕೆಸರಿನ ಬಣ್ಣವಾದರು. ಪ್ರೈಸಮ್ಮ ಎರಡೂ ಕೈಯಿಂದ ಚೀಲ ಅಪ್ಪಿಕೊಂಡು, ಮೊದಲು ಒಂದೇ ಕಣ್ಣು ತೆರೆದು, ಆಮೇಲೆ ಎರಡೂ ತೆರೆದು ನೋಡಿದರು. ಸ್ವಲ್ಪ ಹೊತ್ತಿಗೆಲ್ಲ "ಅಗೋ, ಅಗೋ, ಎಂಗೆ ಓಡ್ತಾ ಅವ್ನೆ ನೋಡು ನನ್ ಮಗ!" ಎಂದು ನನ್ನ ಪಕ್ಕೆಗೆ ತಿವಿಯತೊಡಗಿದರು. ನಾನೂ ಅವರು ತೋರಿಸಿದವನನ್ನೇ ನೋಡಿ ಚಪ್ಪಾಳೆ ತಟ್ಟಿದೆ. ಅವನು ಬಿದ್ದ, ಎದ್ದ, ಓಡಿದ, ಏನೂ ಆಗಲಿಲ್ಲ. ಪ್ರೈಸಮ್ಮನ ಮುಖ ಅರಳಿತು.

ದ್ವಿತೀಯಾರ್ಧದಲ್ಲಿ ನೂಕಾಟದ ರಾಶಿಯೊಂದು ಕುಸಿಯಿತು. ಎಲ್ಲರೂ ಎದ್ದರು, ಒಬ್ಬ ಏಳಲಿಲ್ಲ. ಬಕೆಟ್ ಹಿಡಿದವನೊಬ್ಬ ಓಡಿಹೋಗಿ ತಣ್ಣೀರಿನಲ್ಲಿ ಮುಖ ಒರೆಸಿದ. ಕೆಸರು ತೊಳೆದುಹೋಯಿತು, ಕೆಳಗೆ ರಕ್ತ ಕಂಡಿತು.

"ಪಾಪ, ಯಾರ ಹೆತ್ತ ಮಗನೋ!" ಎಂದರು ಪ್ರೈಸಮ್ಮ.

ಮೀಸೆಯ ತಾತ ತಿರುಗಿ ನೋಡಿ, "ನಿಮ್ಮೋನೇ ಅಲ್ವೇನಮ್ಮ? ಅದೇ ಎಮ್ಲಿನ್!" ಎಂದರು.

ಪ್ರೈಸಮ್ಮ ಬಿಳಿಚಿಕೊಂಡರು. ಚೀಲ ಹಿಡಿದು ಎದ್ದೇಬಿಟ್ಟರು. "ನೋಡ್ದಾ? ಬಿತ್ತು! ನನ್ ಕಣ್ಣೇ ಬಿತ್ತು! ಬರಬಾರದಿತ್ತು ನಾನು, ಬುಡು, ನಾನು ಓಯ್ತೀನಿ!"

ಆ ಕ್ಷಣದಲ್ಲಿ ನನಗೆ ಬುದ್ಧಿ ಕೊಟ್ಟವಳು ಅವ್ವನೇ ಇರಬೇಕು. ಅವರ ಕೋಟು ಹಿಡಿದು ಜಗ್ಗಿದೆ. "ಕೂತ್ಕೊಳ್ರೀ! ಇಷ್ಟೊತ್ತು ನೀವು ನೋಡಿದ್ದು ಯಾರನ್ನ? ಕೆಸರಲ್ಲಿ ಮಗ ಅಂದ್ಕೊಂಡು ಆ ಉದ್ದನೆಯವನನ್ನ! ನಿಮ್ಮ ಕಣ್ಣು ಬಿದ್ದಿದ್ದು ಅವನ ಮೇಲೆ. ಅವನಿಗೇನಾಗಿದೆ ನೋಡಿ, ಗುಂಡುಕಲ್ಲಿನ ಹಾಗೆ ನಿಂತಿದ್ದಾನೆ! ನೀವು ನೋಡದೇ ಇದ್ದವನಿಗೆ ತಾನೇ ಪೆಟ್ಟಾಗಿದ್ದು?"

ಪ್ರೈಸಮ್ಮ ನಿಂತೇ ಇದ್ದರು. ಉದ್ದನೆಯವನನ್ನು ನೋಡಿದರು. ಕೆಳಗೆ ಬಿದ್ದ ಮಗನನ್ನು ನೋಡಿದರು. ಮತ್ತೆ ಉದ್ದನೆಯವನನ್ನು ನೋಡಿದರು. "ಅಯ್ಯೋ ನನ್ ಬುದ್ಧಿಗಿಷ್ಟು!" ಎಂದು ಧೊಪ್ಪನೆ ಕೂತರು. ಕೂತು, ಜೀವಮಾನದಲ್ಲಿ ಮೊದಲ ಸಲ, ಕಣ್ಣು ಕೀಳದೆ ಮಗನನ್ನು ನೋಡಿದರು.

ಆ ಆಟದಲ್ಲಿ ಪೆಟ್ಟಾದರೆ ಬದಲಿ ಆಳಿಲ್ಲ. ಇದ್ದವನೇ ಏಳಬೇಕು. ತಲೆಗೆ ಬಿಳಿಯ ಬಟ್ಟೆ ಸುತ್ತಿದರು, ಥೇಟ್ ನಮ್ಮ ಮೈಸೂರು ಪೇಟ. ಎಮ್ಲಿನ್ ಎದ್ದ. ಇನ್ನು ಅವನು ತಪ್ಪಿಹೋಗುವ ಭಯವಿಲ್ಲ. ಪೇಟ ಹೋದಲ್ಲೆಲ್ಲ ಪ್ರೈಸಮ್ಮನ ಕಣ್ಣೂ ಹೋಯಿತು, ಬಾಯಿಯೂ ಹೋಯಿತು. ಅಷ್ಟು ಸಾಧು ಹೆಂಗಸಿನ ಬಾಯಲ್ಲಿ ಅಂಥ ಮಾತುಗಳಿದ್ದವೆಂದು ಮೀಸೆಯ ತಾತನಿಗೂ ತಿಳಿದಿರಲಿಲ್ಲ.

ಕೊನೆಗೆ ಹಸಿರಿನವರ ಗೆರೆಯ ಹತ್ತಿರ ದೊಡ್ಡ ರಾಶಿ ಬಿತ್ತು. ಪೇಟ ಅದರೊಳಕ್ಕೆ ನುಗ್ಗಿದ್ದನ್ನು ನಾವು ನೋಡಿದೆವು. ಮೇಲೆ ಒಬ್ಬ, ಅವನ ಮೇಲೊಬ್ಬ, ಪಂಪಿನ ಹತ್ತಿರ ಬಿಂದಿಗೆ ಪೇರಿಸಿದ ಹಾಗೆ. ಸೀಟಿ ಊದಿದರು. ರಾಶಿ ಒಂದೊಂದಾಗಿ ಕರಗಿತು. ಎಲ್ಲಕ್ಕಿಂತ ತಳದಲ್ಲಿ, ಬಿಚ್ಚಿಹೋದ ಪೇಟದೊಡನೆ, ಗೆರೆಯಾಚೆ ಚೆಂಡಿನ ಮೇಲೆ ಮಲಗಿದ್ದವನು ಎಮ್ಲಿನ್. ಅಷ್ಟು ವರ್ಷ ದೇಶಕ್ಕೆ ಆಡಿ ಅವನು ಚೆಂಡು ಒತ್ತಿದ್ದು ಅದೇ ಮೊದಲು. ನಾನು ಮೀಸೆಯ ತಾತನನ್ನು ತಬ್ಬಿಕೊಂಡೆ. ನಜರ್‌ಬಾದಿಗೆ ತಿಳಿಯದಿರಲಿ. ನಮ್ಮವರೇ ಗೆದ್ದರು. ಹೌದು, ಅಷ್ಟು ಹೊತ್ತಿಗೆ ನಮ್ಮವರೇ ಆಗಿದ್ದರು.

ಸೋಮವಾರದ ಬ್ರೆಡ್ಡು

ಸೋಮವಾರ ಪೇಪರು ಬಂತು. ಚೆಂಡು ಒತ್ತಿದವನು ತಂಡದ ನಾಯಕ ಎಂದು ಅಚ್ಚಾಗಿತ್ತು! ರಾಶಿಯ ಮೇಲಿಂದ ಮೊದಲು ಎದ್ದು ಕೈಯೆತ್ತಿದವನು ಅವನಂತೆ. ಎಮ್ಲಿನ್ ಹೊಟ್ಟೆ ಹಿಡಿದು ನಕ್ಕ. "ಹೋಗ್ಲಿ ಬುಡವ್ವ, ಯಾರೊತ್ತಿದ್ರೇನು" ಎಂದ.

"ಯಾರೊತ್ತಿದ್ರೇನಾ? ಪೇಪರ್‌ನೋರ ಕಣ್ಣೂ ಒಂದ್ ಕಣ್ಣಾ? ನಾನು ನೋಡಿವ್ನಿ ಕಣೋ, ಕಣ್ಣಾರೆ ನೋಡಿವ್ನಿ!" ಎಂದರು ಪ್ರೈಸಮ್ಮ. ಅಂದು ಅವರೂ ವ್ಯಾನು ಹತ್ತಿ ಮನೆಮನೆಗೆ ಬ್ರೆಡ್ಡಿನ ಜೊತೆ ಆ ಸುದ್ದಿಯನ್ನೂ ಹಾಕಿ ಬಂದರು.

ನಾನು ಎಮ್ಲಿನ್‌ನನ್ನು ಕೇಳಿದೆ, ಅಷ್ಟು ಜನರಲ್ಲಿ ಅವ್ವ ಎಲ್ಲಿದ್ದಳೆಂದು ಅವನಿಗೆ ಗೊತ್ತಿತ್ತೇ ಎಂದು.

"ಗೊತ್ತಿಲ್ದೆ ಏನು ಟೀಚರ್? ಹಾಡು ನಿಂತಾಗ ಕೆಮ್ಮು ಕೇಳಿಸ್ತು. ನಿಮ್ಮೂರ ಮೆಣಸಿನಕಾಯಿ ಕೆಮ್ಮು."

ಹಜಾರದ ಪಟಗಳು ಆಮೇಲೆ ಗೋಡೆಗೆ ಮುಖ ಮಾಡಲಿಲ್ಲ. ಕುಚ್ಚಿನ ಟೋಪಿಯನ್ನು ಪೆಟ್ಟಿಗೆಯಿಂದ ತೆಗೆದು ಪ್ರೈಸಮ್ಮ ಒಂದು ಸಂಜೆ ತಾವೇ ಹಾಕಿಕೊಂಡು ಪಾತ್ರೆ ತೊಳೆದರು.

ಕೊನೆಗೆ ಸ್ಟೇಷನ್ನು

ಹೊರಡುವ ದಿನ ತಾಯಿ ಮಗ ಇಬ್ಬರೂ ಸ್ಟೇಷನ್ನಿಗೆ ಬಂದರು. ಎಮ್ಲಿನ್ ಟ್ರಂಕನ್ನು ಒಂದೇ ಕೈಯಲ್ಲಿ ಎತ್ತಿಟ್ಟ. ಮೆಣಸಿನಕಾಯಿಯ ಗಂಟು ಪ್ರೈಸಮ್ಮನಿಗೆ ಕೊಟ್ಟಿದ್ದೆ, ಟ್ರಂಕು ಹಗುರವಾಗಿತ್ತು.

ನಾನು ಡಬ್ಬಿಯ ಮೆಟ್ಟಿಲಿಗೆ ಕಾಲಿಡುವಾಗ "ನಿಲ್ಲು" ಎಂದರು ಪ್ರೈಸಮ್ಮ. ಕೋಟಿನ ಜೇಬಿನಿಂದ ಮುಷ್ಟಿ ತೆಗೆದರು. ಮೆಣಸಿನಕಾಯಿ, ಉಪ್ಪು. "ಪೂರ್ವ ಯಾವ ಕಡೆ? ಭೂಗೋಳದೋಳು ನೀನು, ನೀನೇ ತಿರುಗು" ಎಂದರು. ತಿರುಗಿ ನಿಂತೆ. ಆ ಮಹಾತಾಯಿ ಜನ ನೋಡುತ್ತಿದ್ದಾರೆಂಬ ಪರಿವೆಯಿಲ್ಲದೆ ನನಗೆ ಇಳಿತೆಗೆದರು. ಸುತ್ತಿದ್ದು ಉಲ್ಟಾ. ಮಂತ್ರವೆಲ್ಲ ಅವರ ಭಾಷೆ. ಅದರಲ್ಲಿ ನಾಯಿ ನರಿ ಇದ್ದವೋ ಇಲ್ಲವೋ ತಿಳಿಯದು. "ಉಗಿ" ಎಂದರು. ವಿಲಾಯತಿಯ ಪ್ಲಾಟ್‌ಫಾರ್ಮಿನ ಮೇಲೆ ಥೂ ಥೂ ಥೂ ಎಂದೆ. ಮುಷ್ಟಿ ಹಿಡಿದುಕೊಂಡೇ ಅವರು ಇಂಜಿನ್ನಿನ ಹತ್ತಿರ ಹೋಗಿ, ಇದ್ದಿಲು ಹಾಕುವವನ ಕೈಗೆ ಅದನ್ನು ಸುರಿದು, ಬೆಂಕಿಗೆ ಹಾಕಿಸಿ, ಮೂಗರಳಿಸಿ ನಿಂತರು.

ಏನೂ ಬರಲಿಲ್ಲ.

ಓಡೋಡಿ ಬಂದರು. "ಘಾಟೇ ಇಲ್ಲ ಕಣಮ್ಮ! ಒಂದ್ಚೂರೂ ಇಲ್ಲ! ಎಷ್ಟು ಜನರ ಕಣ್ಣಿತ್ತೋ ನಿನ್ ಮೇಲೆ! ಸದ್ಯ, ಎಲ್ಲಾ ಓಯ್ತು."

ಇಂಜಿನ್ನಿನ ಹೊಗೆ ಕೊಳವೆಯಲ್ಲಿ ಮೇಲಕ್ಕೆ ಹೋಗಿ ಗಾಳಿಗೆ ಹಾರಿಹೋಗುತ್ತದೆ, ಘಾಟು ಕೆಳಗೆ ಬರುವುದು ಹೇಗೆ? ಮಕ್ಕಳಿಗೆ ನಾನೇ ಪಾಠ ಮಾಡಿದ್ದೇನೆ. ಬಾಯಿ ಬಿಡಲಿಲ್ಲ. ನಜರ್‌ಬಾದಿನಲ್ಲಿ ಜಟಕಾ ಹತ್ತುವಾಗ ಮರೆತದ್ದೇನೆಂದು ಆಗ ತಿಳಿಯಿತು. ಅವ್ವ ಹೋದ ಮೇಲೆ ನನಗೆ ದೃಷ್ಟಿ ತೆಗೆದವರು ಅವರೊಬ್ಬರೇ. ಅವರ ಕಾಲು ಮುಟ್ಟಿದೆ. ಪಾದರಕ್ಷೆಯ ಲೇಸು ಬಿಚ್ಚಿದೆಯೇನೋ ಎಂದು ಅವರೂ ಬಗ್ಗಿದರು, ಇಬ್ಬರ ತಲೆಗೂ ಢಿಕ್ಕಿ. ನಗುತ್ತಲೇ ರೈಲು ಹತ್ತಿದೆ.

ರೈಲು ಹೊರಟಿತು. ಎಮ್ಲಿನ್ ಕೈಬೀಸುತ್ತಾ ಸ್ವಲ್ಪ ದೂರ ಓಡಿ ನಿಂತ. ಪ್ರೈಸಮ್ಮ ಕೈಬೀಸಿ ಒಳಗೆ ಹೋಗಿಬಿಡುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ರೈಲು ಗುಡ್ಡದ ತಿರುವಿನಲ್ಲಿ ಮರೆಯಾಗುವವರೆಗೂ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.